ಮುಪ್ಪಿಗೆ ಅಂಜುವವರು ಯಾರು?

(ಸಿರಸಂಗಿಯಲ್ಲಿ ನಡೆದ ರೈತ-ಕೂಲಿಕಾರರ ಶಿಬಿರದ ಎರಡನೆಯ ದಿನ ಮಾಡಿದ ಭಾಷಣ)



ಈ ದಿನ ನಾವು ಗ್ರಾಮ ಪಂಚಾಯತಿಯ ಅಧಿಕಾರಗಳ ಕುರಿತು ಮಾತನಾಡುವುದೆಂದು ಕಾರ್ಯಕ್ರಮ ಪತ್ರಿಕೆಯಲ್ಲಿ ಅಚ್ಚಾಗಿದೆ. ಅದನ್ನು ನಾಳೆ ಮುಂಜಾನೆಗೆ ಇಟ್ಟುಕೊಳ್ಳೋಣವೆಂದು ಅಧ್ಯಕ್ಷರನ್ನು ಬೇಡಿಕೊಂಡೆವು. ಅವರು ಒಪ್ಪಿದರು, ಪೂರ್ಣ ಮನಸ್ಸಿನಿಂದ ಒಪ್ಪಿದರೆಂದು ನಮಗೆ ತೋರಲಿಲ್ಲ. ಆದರೂ ನಿನ್ನೆ ಒಂದೇ ದಿನದಲ್ಲಿ ನಡೆದ ಎರಡು ಸಂಗತಿಗಳು ತಲೆಯಲ್ಲಿ ಕುಳಿತುಬಿಟ್ಟಿವೆ. ಅವನ್ನು ಹೇಳದೆ ಬೇರೆ ವಿಷಯವೆತ್ತಿದರೆ ಮಾತು ಬಾಯಿಂದ ಬಂದೀತು, ಮನಸ್ಸಿನಿಂದ ಬರಲಾರದು.

ಮೊದಲನೆಯದು ಸಣ್ಣದು. ಇಲ್ಲಿಗೆ ಹೊರಡುವ ಮುನ್ನ ಕ್ಷೌರಕ್ಕೆ ಕುಳಿತಿದ್ದೆವು. ಕೆಲಸ ಮುಗಿಸಿ ಕನ್ನಡಿಯನ್ನು ಹಿಂದೆ ಹಿಡಿದು ತೋರಿಸುತ್ತ ಆತ ಮೆಲ್ಲಗೆ ಕೇಳಿದ: “ಮಾಸ್ತರ, ಕಿವಿ ಮ್ಯಾಲಿನೂ ಬೆಳ್ಳಗಾಗ್ಯಾವ್ರಿ. ಕರೇ ಬಣ್ಣಾ ಹಚ್ಚಿ ಬಿಡ್ಲೇನ್ರಿ?” ನಮಗೆ ಈಗ ೩೮ ವರ್ಷ. ಕನ್ನಡಿ ದಿನವೂ ನೋಡುವವರೇ. ಆದರೆ ಇನ್ನೊಬ್ಬರ ಬಾಯಿಂದ ಆ ಮಾತು ಬಂದಾಗ, ಕದ್ದು ಸಿಕ್ಕುಬಿದ್ದವರಂತೆ ಆಯಿತು. “ಈಗ ಬ್ಯಾಡ, ಬಸ್ಸಿಗೆ ಹೊತ್ತಾಗೇತಿ” ಎಂದು ಎದ್ದುಬಿಟ್ಟೆವು. ಬಸ್ಸಿಗೆ ಇನ್ನೂ ಮುಕ್ಕಾಲು ತಾಸು ಇದ್ದಿತು.

ಎರಡನೆಯದು ನಿನ್ನೆ ಸಂಜೆ, ಇದೇ ಊರಿನಲ್ಲಿ. ತಾಯಂದಿರ ಗುಂಪಿನಲ್ಲಿ ಕುಳಿತು ಅಹವಾಲು ಬರೆದುಕೊಳ್ಳುತ್ತಿದ್ದೆವು. ಒಬ್ಬ ಮುದುಕಿಗೆ ವೃದ್ಧಾಪ್ಯ ವೇತನ ಸಿಕ್ಕಿಲ್ಲ. ಯಾಕೆಂದು ಕೇಳಿದರೆ, ಕಾಗದದಲ್ಲಿ ಆಕೆಗೆ ಇನ್ನೂ ೫೭ ವರ್ಷವಂತೆ. ಆಕೆಯ ಮೊಮ್ಮಗನೇ ಮದುವೆಯಾಗಿ ಮಗುವಿನ ತಂದೆಯಾಗಿದ್ದಾನೆ. ಆ ತಾಯಿ ಸೆರಗು ಸರಿಸಿ, ತಲೆ ಬಗ್ಗಿಸಿ, ಹತ್ತಿಯ ಹಾಗೆ ಬೆಳ್ಳಗಾದ ಕೂದಲನ್ನು ನಮಗೆ ತೋರಿಸಿದಳು. “ಇದನ್ನ ನೋಡಿದ್ರ ಅವರಿಗೆ ತಿಳ್ಯಾಂಗಿಲ್ಲೇನಪಾ?” ಎಂದಳು.

ಸಂಗಾತಿಗಳೇ, ಮುಂಜಾನೆ ಒಂದು ತಲೆ ತನ್ನ ನಾಲ್ಕು ಬಿಳಿಗೂದಲನ್ನು ಮರೆಸಲು ನೋಡಿತು. ಸಂಜೆ ಇನ್ನೊಂದು ತಲೆ ತನ್ನ ನರೆಯನ್ನೆಲ್ಲ ಬಿಚ್ಚಿ ತೋರಿಸಿತು, ಯಾರೂ ನಂಬಲಿಲ್ಲ. ರಾತ್ರಿ ಶಾಲೆಯ ಪಡಸಾಲೆಯಲ್ಲಿ ಮಲಗಿದಾಗ ಈ ಎರಡು ತಲೆಗಳೂ ನಿದ್ದೆ ಕೊಡಲಿಲ್ಲ. ಆದ್ದರಿಂದಲೇ ಇಂದು ಮುಪ್ಪಿನ ಮಾತು.

ಮೊದಲು ನಮ್ಮ ಅಂಜಿಕೆಯನ್ನೇ ಬಿಚ್ಚಿ ನೋಡೋಣ. ಪಕ್ಷದ ಕೆಲಸಗಾರನಾದವನಿಗೆ ಚೆಲುವಿನ ಚಿಂತೆಯೇ ಎಂದು ನೀವು ನಗಬಹುದು. ನಗಿರಿ. ಆದರೆ ಅಂಜಿಕೆ ಇದ್ದುದು ನಿಜ. ಹತ್ತು-ಹದಿನೈದು ವರ್ಷದ ಕೆಳಗೆ ಸಭೆಗಳಲ್ಲಿ ನಮ್ಮನ್ನು ‘ಹುಡುಗರು’ ಎನ್ನುತ್ತಿದ್ದರು. ಜಮಖಾನೆ ಹಾಸುವುದು, ಭಿತ್ತಿಪತ್ರ ಅಂಟಿಸುವುದು ನಮ್ಮ ಪಾಲಿಗೆ. ಈಗ ಆ ಕೆಲಸ ಮಾಡುವ ಹುಡುಗರು ನಮ್ಮನ್ನು ‘ಕಾಕಾ’ ಎನ್ನುತ್ತಾರೆ. ಬಸ್ಸಿನ ಮೆಟ್ಟಿಲಿಳಿಯುವಾಗ ಎಡಗಾಲಿನ ಮೊಣಕಾಲು ತನ್ನ ಇರವನ್ನು ತಿಳಿಸುತ್ತದೆ. ಸೈಕಲ್ಲಿನ ಮೇಲೆ ಎಂಟು ಮೈಲು ಹೋಗಿ ಬಂದರೆ ಮರುದಿನವೂ ಅದರ ನೆನಪಿರುತ್ತದೆ. ಇವೆಲ್ಲ ಸೇರಿ ಹೇಳುವ ಮಾತು ಒಂದೇ: ಮಾಡಬೇಕೆಂದುಕೊಂಡ ಕೆಲಸ ಇನ್ನೂ ಹಾಗೆಯೇ ಬಿದ್ದಿದೆ, ದಿನ ಮಾತ್ರ ಹೋಗಿವೆ. ಬಸವಣ್ಣನವರು ತಮ್ಮ ಪ್ರಸಿದ್ಧ ವಚನವೊಂದರಲ್ಲಿ ಮುಪ್ಪಿನ ಗುರುತುಗಳನ್ನು ಒಂದೊಂದಾಗಿ ಎಣಿಸಿ, ಅವು ಬರುವ ಮೊದಲೇ ಪೂಜೆಗೆ ತೊಡಗೆಂದು ಎಚ್ಚರಿಸಿದ್ದಾರೆ. ಶಾಲೆಯಲ್ಲಿ ಅದನ್ನು ನಾವೇ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇವೆ. ಆಗ ಅದು ಬೇರೆ ಯಾರದೋ ಮೈಯ ವರ್ಣನೆ ಎನಿಸುತ್ತಿತ್ತು.

ಇನ್ನು ಈ ನರೆ ಎಂಬುದೇನು? ಕೂದಲಿನ ಬುಡದಲ್ಲಿ ಬಣ್ಣ ತಯಾರಿಸುವ ಕಣಗಳಿರುತ್ತವೆ. ವಯಸ್ಸಾದಂತೆ ಅವು ಒಂದೊಂದಾಗಿ ಕೆಲಸ ನಿಲ್ಲಿಸುತ್ತವೆ. ಬಣ್ಣವಿಲ್ಲದೆ ಬಂದ ಕೂದಲು ನಮ್ಮ ಕಣ್ಣಿಗೆ ಬಿಳಿ. ಇಷ್ಟೇ ಇದರ ಗುಟ್ಟು. ಯಾರಿಗೆ ಯಾವ ವಯಸ್ಸಿಗೆ ಎಂಬುದು ಬಹುಮಟ್ಟಿಗೆ ತಂದೆತಾಯಿಗಳಿಂದ ಬಂದ ಬಳುವಳಿ. ಒಂದು ಬಿಳಿಗೂದಲು ಕಿತ್ತರೆ ಎರಡು ಹುಟ್ಟುತ್ತವೆಂಬ ಮಾತು ನಿಜವಲ್ಲ; ಒಂದು ಬುಡದಿಂದ ಒಂದೇ ಕೂದಲು. ಹಾಗೆಂದು ಕೀಳುತ್ತ ಕೂಡಬೇಡಿ, ಬುಡ ಕೆಟ್ಟು ಅಲ್ಲಿ ಏನೂ ಹುಟ್ಟದೆ ಹೋದೀತು. ಕರಿ ಬಣ್ಣದ ಪುಡಿಗಳಲ್ಲಿ ಪ್ಯಾರಾಫೆನಿಲೀನ್ ಡೈಅಮೀನ್ ಎಂಬ ರಾಸಾಯನಿಕ ಇರುತ್ತದೆ. ಅದು ಕೆಲವರ ಮೈಗೆ ಒಗ್ಗದೆ ಮೋರೆ ಬಾತು, ತುರಿಕೆ ಎದ್ದದ್ದು ಹಳ್ಳಿಹಳ್ಳಿಯಲ್ಲಿ ಕಾಣುವ ಸಂಗತಿ. ಹಚ್ಚುವವರನ್ನು ನಾವು ಹಳಿಯುವುದಿಲ್ಲ. ಅವರಲ್ಲಿ ಎಲ್ಲರೂ ಷೋಕಿಗಾಗಿ ಹಚ್ಚುವವರಲ್ಲ; ಆ ಮಾತಿಗೆ ಮುಂದೆ ಬರುತ್ತೇವೆ.

ರಾತ್ರಿ ನಿದ್ದೆಯಿಲ್ಲದಾಗ ನಮಗೆ ಸಮಾಧಾನ ತಂದದ್ದು ವಿಜ್ಞಾನವಲ್ಲ, ಈ ಊರಿನ ಹೆಸರು. ಸಿರಸಂಗಿ ಎಂದರೆ ಕರ್ನಾಟಕದವರಿಗೆಲ್ಲ ನೆನಪಾಗುವುದು ಲಿಂಗರಾಜ ದೇಸಾಯರು. ೧೮೬೧ರಲ್ಲಿ ಶಿಗ್ಲಿಯಲ್ಲಿ ಹುಟ್ಟಿ ಇಲ್ಲಿಯ ದೇಸಗತಿಗೆ ದತ್ತಕ ಬಂದವರು. ೧೯೦೪ರಲ್ಲಿ ಧಾರವಾಡದಲ್ಲಿ ನಡೆದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾದವರು. ತಮ್ಮ ಆಸ್ತಿಯನ್ನು ವಿದ್ಯೆಗೆಂದು ಬರೆದಿಟ್ಟು ೧೯೦೬ರಲ್ಲಿ ತೀರಿಕೊಂಡರು. ಬೆಳಗಾವಿಯಲ್ಲಿ ೧೯೩೩ರಲ್ಲಿ ಸ್ಥಾಪನೆಯಾದ ಕಾಲೇಜು ಅವರ ಹೆಸರನ್ನೇ ಹೊತ್ತಿದೆ. ಆ ಆಸ್ತಿ ಬೆಳೆದದ್ದು ಯಾರ ಬೆವರಿನಿಂದ, ಅದರ ಫಲ ಒಂದೇ ಸಮಾಜಕ್ಕೆ ಹೋದದ್ದೇಕೆ ಎಂದು ಸಮಾಜವಾದಿಗಳಾದ ನಾವು ಕೇಳಬಹುದು, ಕೇಳಿಯೂ ಇದ್ದೇವೆ. ಇಂದು ಆ ಚರ್ಚೆ ಬೇಡ. ಇಂದು ನೋಡಬೇಕಾದದ್ದು ಒಂದೇ ಲೆಕ್ಕ: ೧೮೬೧ರಿಂದ ೧೯೦೬. ನಲವತ್ತೈದು ವರ್ಷ! ಉಣ್ಣಲು ತಿನ್ನಲು ಕೊರತೆಯಿಲ್ಲದ, ವಾಡೆಯಲ್ಲಿ ಬಾಳಿದ ದೇಸಾಯರಿಗೇ ಮುಪ್ಪು ಸಿಗಲಿಲ್ಲ. ಹಾಗಾದರೆ ಅವರ ಹೊಲ ಉತ್ತವರಿಗೆ?

ಅವರ ಬಾಳಿನ ಕಾಲವನ್ನೇ ನೋಡಿರಿ. ಅವರು ಹದಿನೈದು-ಹದಿನಾರರ ಹುಡುಗರಾಗಿದ್ದಾಗ ೧೮೭೬-೭೮ರ ಬರ ಬಂದಿತು. ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ಅದರಲ್ಲಿ ನುಚ್ಚುನೂರಾದವು. ೧೮೯೬ರಲ್ಲಿ ಮುಂಬಯಿಗೆ ಬಂದ ಪ್ಲೇಗು ಹಳಿಗುಂಟ ನಮ್ಮ ನಾಡಿಗೂ ಇಳಿಯಿತು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದನ್ನು ನಮ್ಮ ಅಜ್ಜಂದಿರು ಅವರ ಅಜ್ಜಂದಿರಿಂದ ಕೇಳಿ ನಮಗೆ ಹೇಳಿದ್ದಾರೆ. ೧೯೧೮ರಲ್ಲಿ ಇನ್‌ಫ್ಲುಯೆಂಜಾ, ಹಿಂದುಸ್ತಾನದಲ್ಲಿ ಅದರಿಂದ ಸತ್ತವರು ಕೋಟಿಗೂ ಮೇಲೆ, ಅವರಲ್ಲಿ ಬಹಳ ಮಂದಿ ತುಂಬು ಹರೆಯದವರು. ಇಡೀ ದೇಶಕ್ಕೆ, ೧೯೪೧ರಿಂದ ೧೯೫೧ರ ದಶಕಕ್ಕೆ ಜನಗಣತಿಯವರು ಹಾಕಿದ ಲೆಕ್ಕದಲ್ಲಿ ಭಾರತೀಯನ ಸರಾಸರಿ ಆಯುಷ್ಯ ಸುಮಾರು ೩೨ ವರ್ಷ. ಸರಾಸರಿ ಎಂಬುದನ್ನು ಮಾಸ್ತರಿಕೆಯ ಚಟದಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಎಲ್ಲರೂ ೩೨ಕ್ಕೆ ಸಾಯುತ್ತಿದ್ದರೆಂದು ಅರ್ಥವಲ್ಲ. ಒಂದು ಮನೆಯಲ್ಲಿ ಒಬ್ಬರು ಅರವತ್ತರವರೆಗೆ ಬಾಳಿ, ಒಂದು ಕೂಸು ನಾಲ್ಕನೆಯ ವರ್ಷಕ್ಕೇ ಹೋದರೆ ಇಬ್ಬರ ಸರಾಸರಿ ೩೨. ಆಗಿನ ಪ್ರತಿ ಮನೆಯಲ್ಲಿಯೂ ಇಂತಹ ಕೂಸುಗಳಿದ್ದವು. ಹೆರಿಗೆಯಲ್ಲಿ ಹೋದ ತಾಯಂದಿರಿದ್ದರು.

ಈಗ ಆ ಸರಾಸರಿ ಸುಮಾರು ೭೦. ಹುಟ್ಟಿದ ಸಾವಿರ ಕೂಸುಗಳಲ್ಲಿ ಒಂದು ವರ್ಷ ತುಂಬುವುದರೊಳಗೆ ಕಳೆದುಕೊಳ್ಳುವವು ಮೂವತ್ತಕ್ಕಿಂತ ಕಡಿಮೆ. ಸಿಡುಬು ದೇಶದಿಂದ ಅಳಿಯಿತೆಂದು ೧೯೭೭ರಲ್ಲಿ ಘೋಷಣೆಯಾಯಿತು. ಇದು ಯಾವ ಸ್ವಾಮಿಗಳ ಪವಾಡವೂ ಅಲ್ಲ, ಯಾವ ಧನಿಕನ ದಾನವೂ ಅಲ್ಲ. ದೇವಿ ಹಾಕಲು ಹಳ್ಳಿಹಳ್ಳಿ ತಿರುಗಿದ ನೌಕರ, ಸೂಲಗಿತ್ತಿಗೆ ಕೈ ತೊಳೆಯಲು ಕಲಿಸಿದ ದಾದಿ, ಕೊಳವೆಯಲ್ಲಿ ಬಂದ ನೀರು, ಬರಗಾಲದಲ್ಲಿ ಪಡಿತರದ ಧಾನ್ಯ — ಇವೆಲ್ಲ ಸಾರ್ವಜನಿಕ ಹಣದಿಂದ, ಸಾರ್ವಜನಿಕ ಒತ್ತಾಯದಿಂದ ಆದವು. ೨೦೧೧ರ ಜನಗಣತಿಯಲ್ಲಿ ದೇಶದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೂ ಹೆಚ್ಚು. ನಮ್ಮ ರಾಜ್ಯದಲ್ಲಿ ನೂರಕ್ಕೆ ಒಂಬತ್ತೂವರೆ ಮಂದಿ.

ಈ ದೃಷ್ಟಿಯಿಂದ ಕನ್ನಡಿ ನೋಡಿದರೆ ಕಿವಿಯ ಮೇಲಿನ ನಾಲ್ಕು ಬಿಳಿಗೂದಲು ಬೇರೆಯಾಗಿ ಕಾಣುತ್ತವೆ. ನಮ್ಮ ವಂಶದ ಎಷ್ಟೋ ಜನ ಈ ಬಿಳಿಯನ್ನು ಕಾಣದೆಯೇ ಹೋದರು. ಲಿಂಗರಾಜರ ವಯಸ್ಸು ಮುಟ್ಟಲು ನಮಗಿನ್ನೂ ಏಳು ವರ್ಷವಿದೆ. ನಮ್ಮ ಸಮಾಜವಾದಿ ಹಿರಿಯರಲ್ಲಿ ಶಾಂತವೇರಿ ಗೋಪಾಲಗೌಡರು ೧೯೭೨ರಲ್ಲಿ ತೀರಿಕೊಂಡಾಗ ಅವರಿಗೆ ೪೯, ಲೋಹಿಯಾ ಅವರು ೧೯೬೭ರಲ್ಲಿ ತೀರಿಕೊಂಡಾಗ ೫೭. ಕಾಗೋಡು ಸತ್ಯಾಗ್ರಹದ ಈ ಇಬ್ಬರೂ ಮುದುಕರಾಗಲಿಲ್ಲ. ಅವರು ಮುದುಕರಾಗಿದ್ದರೆ ನಾಡಿಗೆ ಏನಾಗುತ್ತಿತ್ತು ಎಂದು ಯೋಚಿಸಿದಾಗ, ಮುಪ್ಪು ಒಂದು ಶಾಪವೆಂಬ ಮಾತು ನಮ್ಮ ಬಾಯಲ್ಲಿ ನಿಲ್ಲಲಿಲ್ಲ. ಬಸ್ಸಿನಲ್ಲಿ ಹೊತ್ತುತಂದ ಭಾರ ಅಲ್ಲಿಗೆ ಅರ್ಧ ಇಳಿಯಿತು. ನಿಜ ಹೇಳುತ್ತೇವೆ, ಆಮೇಲೆ ಒಂದು ತಾಸು ಚೆನ್ನಾಗಿ ನಿದ್ದೆ ಬಂದಿತು.

ಆದರೆ ಅರ್ಧವೇ. ಉಳಿದರ್ಧ ಆ ತಾಯಿಯದು.

ಮುಪ್ಪು ಎಲ್ಲರಿಗೂ ಬರುತ್ತದೆ, ಆದರೆ ಒಂದೇ ವಯಸ್ಸಿಗೆ ಬರುವುದಿಲ್ಲ. ಯಯಾತಿಯ ಕತೆ ನಿಮಗೆಲ್ಲ ಗೊತ್ತು. ಅರಸನಿಗೆ ಶಾಪದಿಂದ ಮುಪ್ಪು ಬಂದಿತು, ಭೋಗದ ಆಸೆ ತೀರಿರಲಿಲ್ಲ, ಮಗ ಪುರುವಿನ ಹರೆಯ ಇಸಕೊಂಡು ತನ್ನ ಮುಪ್ಪನ್ನು ಅವನಿಗೆ ದಾಟಿಸಿದ. ಇದು ಪುರಾಣದಲ್ಲಿ ಒಮ್ಮೆ ನಡೆದದ್ದು. ನಮ್ಮ ಸುತ್ತ ದಿನವೂ ನಡೆಯುತ್ತಿದೆ. ಕಬ್ಬು ಕಡಿಯುವವನ ಬೆನ್ನು, ಇಟ್ಟಿಗೆ ಹೊರುವವಳ ಕುತ್ತಿಗೆ, ಗೋವೆಯ ಕಟ್ಟಡಗಳಲ್ಲಿ ಸಿಮೆಂಟು ಕಲಸುವ ನಮ್ಮ ಹುಡುಗರ ಕೈಗಳು — ಇವರ ಹರೆಯ ಎಲ್ಲಿಗೆ ಹೋಯಿತು? ಯಾರದೋ ಮನೆಯ ಗೋಡೆಯಾಗಿ, ಯಾರದೋ ಚಹಾದಲ್ಲಿ ಸಕ್ಕರೆಯಾಗಿ ಹೋಯಿತು. ಬದಲಿಗೆ ಬಂದದ್ದು ನಲವತ್ತಕ್ಕೇ ಬಾಗಿದ ಬೆನ್ನು. ಪುರುವಿಗೆ ಆಮೇಲೆ ಹರೆಯ ತಿರುಗಿ ಬಂದಿತು, ರಾಜ್ಯವೂ ಸಿಕ್ಕಿತು. ಇವರಿಗೆ ಎರಡೂ ಇಲ್ಲ.

ಮೋರೆಯ ನಿರಿಗೆಗಳನ್ನೇ ತೆಗೆದುಕೊಳ್ಳಿರಿ. ಚರ್ಮ ವಯಸ್ಸಿಗೆ ಸಡಿಲಾಗುತ್ತದೆ, ನಿಜ. ಆದರೆ ಅದನ್ನು ಬೇಗ ಸುಕ್ಕಾಗಿಸುವುದು ಬಿಸಿಲು ಮತ್ತು ಬೀಡಿಯ ಹೊಗೆ. ನೆರಳಿನ ಕುರ್ಚಿಯ ಮೇಲೆ ಕುಳಿತವನ ಐವತ್ತೈದು, ಜೋಳದ ಹೊಲದಲ್ಲಿ ಕಳೆ ತೆಗೆಯುವವಳ ಮೂವತ್ತೈದು ಒಮ್ಮೊಮ್ಮೆ ಒಂದೇ ಮೋರೆ ತೋರಿಸುತ್ತವೆ. ಕೂಲಿಗೆಂದು ಪೇಟೆಯ ನಾಕಾದಲ್ಲಿ ಮುಂಜಾನೆ ನಿಲ್ಲುವ ಒಬ್ಬ ಗೌಂಡಿ ನಮ್ಮ ಪರಿಚಯದವನು. ತಲೆಗೆ ತಪ್ಪದೆ ಬಣ್ಣ ಹಚ್ಚುತ್ತಾನೆ. “ಬೆಳ್ಳಗಿದ್ರ ಗುತ್ತಿಗೆದಾರ ಕೈ ಮಾಡಿ ಕರ್ಯಾಂಗಿಲ್ರಿ” ಎನ್ನುತ್ತಾನೆ. ಇದನ್ನೇ ಆಗ ಮುಂದೆ ಬರುತ್ತೇವೆಂದದ್ದು. ಅವನ ಬಣ್ಣ ಷೋಕಿಯಲ್ಲ, ಅದು ಆ ದಿನದ ರೊಟ್ಟಿ.

ಇನ್ನು ಕಣ್ಣು. ನಲವತ್ತರ ಸುಮಾರಿಗೆ ಹತ್ತಿರದ್ದು ಮಂಜಾಗತೊಡಗುತ್ತದೆ. ಕಣ್ಣಿನೊಳಗಿನ ಮಸೂರ ಮೊದಲಿನಂತೆ ಬಾಗದೆ ಬಿರುಸಾಗುವುದೇ ಕಾರಣ. ಇದು ಬ್ಯಾನಿಯಲ್ಲ, ಅರಸನಿಗೂ ಆಳಿಗೂ ತಪ್ಪಿದ್ದಲ್ಲ. ಎಷ್ಟು ತಪ್ಪದ್ದೆಂದರೆ ನಮ್ಮ ಭಾಷೆಯಲ್ಲಿ ಅದಕ್ಕೂ ಅದರ ಕನ್ನಡಕಕ್ಕೂ ‘ಚಾಳೀಸು’ ಎಂದೇ ಹೆಸರಾಯಿತು. ಚಾಳೀಸ ಎಂದರೆ ನಲವತ್ತು. ಮನೆಯಲ್ಲಿ ಹಿರಿಯರು ಸೂಜಿಯನ್ನು ತೋಳಿನಷ್ಟು ದೂರ ಹಿಡಿದು, ಕೊನೆಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯುವುದನ್ನು ಎಲ್ಲರೂ ನೋಡಿದ್ದೀರಿ. ನೋಡಿ ನಕ್ಕಿದ್ದೀರಿ. ಆದರೆ ಸೂಜಿಯೇ ಜೀವನವಾದವರ ಪಾಡು?

ಈ ಊರು ಕಾಳಮ್ಮನ ಊರು. ಯುಗಾದಿಯ ಹೊತ್ತಿಗೆ ಎಲ್ಲೆಲ್ಲಿಂದಲೋ ವಿಶ್ವಕರ್ಮರು ಇಲ್ಲಿಗೆ ಬರುತ್ತಾರೆ: ಕಮ್ಮಾರರು, ಬಡಿಗೇರರು, ಕಂಚುಗಾರರು, ಶಿಲ್ಪಿಗಳು, ಅಕ್ಕಸಾಲಿಗರು. ಇವರ ಕಸುಬೆಲ್ಲ ಕಣ್ಣು ಮತ್ತು ಬೆರಳಿನದು. ನಲವತ್ತೈದರ ಅಕ್ಕಸಾಲಿಗನ ಕೈಯಲ್ಲಿ ಕಸುಬು ಹಣ್ಣಾಗಿರುತ್ತದೆ, ಅದೇ ಹೊತ್ತಿಗೆ ಕಣ್ಣು ಕೈಕೊಡುತ್ತದೆ. ರಾಮದುರ್ಗ, ಸುರೇಬಾನದ ನೇಕಾರನಿಗೂ ಇದೇ ಗತಿ: ಕಡಿದ ಎಳೆ ಕಾಣದು. ಒಂದು ಜೊತೆ ಕನ್ನಡಕ ಇದ್ದರೆ ಕತೆಯೇ ಬೇರೆ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ೭೫೧ ಕೂಲಿಕಾರರ ಮೇಲೆ ನಡೆದ ಒಂದು ಪರೀಕ್ಷೆಯ ಫಲಿತಾಂಶ ೨೦೧೮ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ಮೊದಲೇ ಅಗ್ಗದ ಚಾಳೀಸು ಕೊಟ್ಟರು, ಉಳಿದವರಿಗೆ ಪರೀಕ್ಷೆ ಮುಗಿದ ಮೇಲೆ. ಕನ್ನಡಕ ಹಾಕಿಕೊಂಡವರು ಕೀಳುವ ಎಲೆಯ ತೂಕ ಮಿಕ್ಕವರಿಗಿಂತ ನೂರಕ್ಕೆ ಸುಮಾರು ೨೨ರಷ್ಟು ಹೆಚ್ಚಾಯಿತು. ಆ ಹೆಚ್ಚಿನ ಎಲೆಯ ಲಾಭದಲ್ಲಿ ಕೂಲಿಕಾರನ ಪಾಲೆಷ್ಟು, ತೋಟದ ಧನಿಯ ಪಾಲೆಷ್ಟು ಎಂಬ ಪ್ರಶ್ನೆ ನಮ್ಮಂತಹವರಿಗೆ ಕೂಡಲೇ ಹೊಳೆಯುತ್ತದೆ, ಅದು ಹೊಳೆಯಲೇಬೇಕು. ಆದರೂ ಒಂದು ಮಾತು ಒಪ್ಪಬೇಕು: ಇಷ್ಟು ಅಗ್ಗದಲ್ಲಿ ಇಷ್ಟು ಮುಪ್ಪನ್ನು ದೂರವಿಡುವ ಸಾಧನ ಮತ್ತೊಂದು ಕಾಣೆವು. ಜಾತ್ರೆಯಲ್ಲಿ ತಾಯಿಗೆ ಬೆಳ್ಳಿಯ ಕಣ್ಣು ಒಪ್ಪಿಸುವ ಭಕ್ತರನ್ನು ನೋಯಿಸುವ ಇಚ್ಛೆ ನಮಗಿಲ್ಲ. ಗುಡಿಯ ಮುಂದೆ ಒಂದು ದಿನ ಚಾಳೀಸು ಹಂಚುವ ಏರ್ಪಾಡಾದರೂ ತಾಯಿ ಮುನಿಯಲಾರಳೆಂದು ನಮ್ಮ ನಂಬಿಕೆ.

ಈಗ ಕಾಗದದ ವಯಸ್ಸಿಗೆ ಬರೋಣ. ಇದು ಆ ತಾಯಿಯ ಪ್ರಶ್ನೆ, ಆದ್ದರಿಂದ ಸ್ವಲ್ಪ ಹೊತ್ತು ಹಿಡಿದೀತು.

ನಮ್ಮ ಹಳ್ಳಿಗಳ ಹಿರಿಯರಿಗೆ ಹುಟ್ಟಿದ ದಿನ ಗೊತ್ತಿಲ್ಲ. ಗೊತ್ತಿರುವುದು ಬೇರೆ ಲೆಕ್ಕ: ನವಿಲುತೀರ್ಥದ ಆಣೆಕಟ್ಟು ಕಟ್ಟುವಾಗ ಕಂಕುಳಲ್ಲಿ ಕೂಸಿತ್ತು, ಇಂಥ ಬರಗಾಲದಲ್ಲಿ ಮೈನೆರೆದೆ, ಇಂಥವರ ಮದುವೆಯ ವರ್ಷ ಗಂಡನ ಮನೆಗೆ ಬಂದೆ. ಇದೂ ಒಂದು ಲೆಕ್ಕವೇ, ಸುಳ್ಳು ಲೆಕ್ಕವಲ್ಲ. ಶಾಲೆಗೆ ಬಂದ ಗಂಡುಹುಡುಗರಿಗೆ ನಮ್ಮ ಹಿಂದಿನ ಮಾಸ್ತರರು ಒಂದು ದಿನಾಂಕ ದಯಪಾಲಿಸಿದರು: ಜೂನ್ ಒಂದು. ಶಾಲೆ ಸೇರುವ ತಿಂಗಳು ಅದೇ, ಲೆಕ್ಕ ಸುಲಭ. ಒಂದು ಊರಿನ ಅರ್ಧ ಗಂಡಸರು ಜೂನ್ ಒಂದಕ್ಕೇ ಹುಟ್ಟಿದವರು! ಶಾಲೆಯ ಮೆಟ್ಟಿಲು ಹತ್ತದ ಹೆಣ್ಣುಮಕ್ಕಳಿಗೆ ಅದೂ ಇಲ್ಲ. ಅವರಿಗೆ ಆಧಾರ್ ಚೀಟಿ ಮಾಡಿದವನು ಮೋರೆ ನೋಡಿ, ಅಂದಾಜು ಹಾಕಿ, ಜನವರಿ ಒಂದು ಎಂದು ಬರೆದ. ಗದ್ದಲದಲ್ಲಿ ಐದು-ಹತ್ತು ವರ್ಷ ಆಚೀಚೆಯಾದರೆ ಅವನಿಗೇನು? ಇವಳಿಗೆ ಮಾತ್ರ ಅದು ಹತ್ತು ವರ್ಷದ ಅನ್ನ. ೨೦೨೪ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅಪಘಾತ ಪರಿಹಾರದ ಒಂದು ಪ್ರಕರಣದಲ್ಲಿ, ಆಧಾರ್ ಚೀಟಿ ವಯಸ್ಸಿನ ಪುರಾವೆಯಲ್ಲ, ಶಾಲೆ ಬಿಟ್ಟ ದಾಖಲೆ ಮೇಲು ಎಂದು ಹೇಳಿತು. ಒಳ್ಳೆಯ ತೀರ್ಪು. ಆದರೆ ಶಾಲೆಯನ್ನೇ ನೋಡದವಳು ಬಿಡುವುದೆಲ್ಲಿಂದ ಬಂತು?

ವಯಸ್ಸಿನ ಗುರುತುಗಳೆಲ್ಲ ಮೈಮೇಲೆ ಬರೆದಿವೆ: ಬಾಯಲ್ಲಿ ಹಲ್ಲಿಲ್ಲ, ಬೆನ್ನು ಬಾಗಿದೆ, ತಲೆ ಹತ್ತಿಯಾಗಿದೆ. ಓದಲು ಬರುವವರಿಗೆ ಇದಕ್ಕಿಂತ ದೊಡ್ಡ ಅಕ್ಷರ ಬೇಕೆ? ಅದನ್ನು ಓದದೆ ಯಂತ್ರ ಬೇರೊಂದನ್ನು ಕೇಳುತ್ತದೆ: ಹೆಬ್ಬೆಟ್ಟು ಇಡು ಎನ್ನುತ್ತದೆ. ವಯಸ್ಸಾದಂತೆ ಬೆರಳ ತುದಿಯ ಚರ್ಮ ತೆಳುವಾಗಿ ಗೆರೆಗಳು ಮಾಸುತ್ತವೆ. ಸುಣ್ಣ, ಸಿಮೆಂಟು, ಪಾತ್ರೆಯ ಬೂದಿ, ಕುಡುಗೋಲು ಹಿಡಿದ ಕೈಗಳಲ್ಲಿ ಇನ್ನೂ ಬೇಗ. ಪಡಿತರದ ಅಂಗಡಿಯೊಂದರ ಮುಂದೆ ಒಬ್ಬ ಅಜ್ಜಿ ಹತ್ತು ಬೆರಳನ್ನೂ ಒಂದೊಂದಾಗಿ ಒತ್ತಿ, ಸೆರಗಿಗೆ ಒರೆಸಿ, ಎಣ್ಣೆ ಹಚ್ಚಿ, ಮತ್ತೆ ಒತ್ತಿ, ಕೊನೆಗೆ ಖಾಲಿ ಚೀಲ ಹಿಡಿದು ತಿರುಗಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ನಾವು ಮಾಸ್ತರಿಕೆ ಮಾಡುತ್ತಿದ್ದಾಗ ರಾತ್ರಿ ಶಾಲೆಯಲ್ಲಿ ಇಂತಹವರಿಗೆ ಸಹಿ ಕಲಿಸಲು ಹೆಣಗಿದ್ದೆವು. ಹೆಬ್ಬೆಟ್ಟು ಒತ್ತಿ ಸಾಹುಕಾರನ ಕಾಗದಕ್ಕೆ ಹೊಲ ಕಳೆದುಕೊಂಡ ಜನ, ಇನ್ನು ಮೇಲೆ ಒತ್ತಬಾರದೆಂದು. ಅವರು ಹೆಸರು ಬರೆಯಲು ಕಲಿತರು. ಸರಕಾರ ಪುನಃ ಹೆಬ್ಬೆಟ್ಟು ಕೇಳಿತು. ಅಷ್ಟರಲ್ಲಿ ದುಡಿದು ದುಡಿದು ಹೆಬ್ಬೆಟ್ಟಿನ ಗೆರೆಯೇ ಅಳಿಸಿತ್ತು!

ತಿಳಿದುಕೊಳ್ಳಿರಿ, ಬೆರಳು ಹೊಂದಲಿಲ್ಲವೆಂದು ಯಾರಿಗೂ ಪಡಿತರ ನಿರಾಕರಿಸಬಾರದೆಂದು ಕೇಂದ್ರ ಸರಕಾರವೇ ೨೦೧೭ರ ಅಕ್ಟೋಬರಿನಲ್ಲಿ ರಾಜ್ಯಗಳಿಗೆ ಬರೆದಿದೆ. ಕೊಡುವುದು ದಯೆಯಲ್ಲ, ಆಜ್ಞೆ ಇದೆ ಎಂದು ಧೈರ್ಯವಾಗಿ ಹೇಳಿರಿ.

ವೇತನದ ಮಾತು. ಮುಪ್ಪಿನಲ್ಲಿ ಸಾರ್ವಜನಿಕ ನೆರವು ಕೊಡಲು ರಾಜ್ಯವು ತನ್ನ ಶಕ್ತಿಗನುಸಾರ ಏರ್ಪಾಡು ಮಾಡಬೇಕೆಂದು ನಮ್ಮ ಸಂವಿಧಾನದ ೪೧ನೆಯ ಅನುಚ್ಛೇದ ಹೇಳುತ್ತದೆ. ಜಗತ್ತಿನಲ್ಲಿ ಇಂತಹ ಕಾಯಿದೆಯನ್ನು ಮೊದಲು ದೇಶವ್ಯಾಪಿಯಾಗಿ ತಂದವನು ಜರ್ಮನಿಯ ಬಿಸ್ಮಾರ್ಕ್, ೧೮೮೯ರಲ್ಲಿ. ಅವನು ಸಮಾಜವಾದಿಗಳ ಮಿತ್ರನಾಗಿರಲಿಲ್ಲ; ಅವರನ್ನು ಕಾಯಿದೆಯಿಂದ ಅದುಮಿದ್ದವನು. ಅದುಮಿಯೂ ಅಂಜಿಕೆ ಹೋಗದೆ ಈ ವೇತನ ಕೊಟ್ಟ. ಕೊಟ್ಟದ್ದೂ ೭೦ ತುಂಬಿದವರಿಗೆ, ಆಗಿನ ಎಷ್ಟು ಕೂಲಿಕಾರರು ೭೦ ಕಾಣುತ್ತಿದ್ದರೋ ನೀವೇ ಊಹಿಸಿರಿ. ಅಂತೂ ಅಂಜಿಕೆಯಿಂದಲೂ ಒಳ್ಳೆಯದು ಹುಟ್ಟಬಹುದು, ಅಂಜಿಸುವವರಿರಬೇಕು ಅಷ್ಟೇ. ನಮ್ಮಲ್ಲಿ ಕೇಂದ್ರದ ವೃದ್ಧಾಪ್ಯ ವೇತನ ೧೯೯೫ರ ಅಗಸ್ಟ್ ೧೫ರಂದು ತಿಂಗಳಿಗೆ ೭೫ ರೂಪಾಯಿಯಿಂದ ಆರಂಭವಾಯಿತು. ೨೦೦೬ರಲ್ಲಿ ೨೦೦ ಆಯಿತು. ೨೦೧೧ರಲ್ಲಿ ೮೦ ದಾಟಿದವರಿಗೆ ೫೦೦ ಮಾಡಿ, ಉಳಿದವರ ಪಾಲನ್ನು ಅಲ್ಲಿಯೇ ಬಿಟ್ಟರು. ಬೇಳೆಯ ದರ ಅಲ್ಲಿಯೇ ನಿಂತಿಲ್ಲ. ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆ ೨೦೦೭ರಲ್ಲಿ ಬಂದಿತು. ೬೫ ದಾಟಿದ ಸಣ್ಣ ರೈತರು, ಕೂಲಿಕಾರರು, ನೇಕಾರರಿಗೆ ಅದು ಸಲ್ಲುತ್ತದೆ. ೨೦೨೧ರ ಜುಲೈಯಲ್ಲಿ ಅದನ್ನು ಒಂದು ಸಾವಿರದಿಂದ ೧೨೦೦ಕ್ಕೆ ಏರಿಸಿದರು. ದಿನಕ್ಕೆ ನಲವತ್ತು ರೂಪಾಯಿ. ಒಂದು ಜೀವಮಾನದ ದುಡಿಮೆಗೆ ನಲವತ್ತು ರೂಪಾಯಿ! ತಂದೆತಾಯಿಗಳನ್ನು ಮಕ್ಕಳು ಸಾಕಬೇಕೆಂದು ೨೦೦೭ರಲ್ಲಿ ಬೇರೆ ಕಾಯಿದೆಯೂ ಆಗಿದೆ. ಆದರೆ ಮಗನೇ ಗೋವೆಯ ತಗಡಿನ ಶೆಡ್ಡಿನಲ್ಲಿ ಮಲಗುವಾಗ ಯಾರ ಮೇಲೆ ದಾವೆ ಹೂಡುವುದು?

ಇಷ್ಟು ಹೇಳಿದ ಮೇಲೆ, ಮುಪ್ಪೆಂದರೆ ಬರೀ ಸಂಕಟವೆಂಬ ಭಾವನೆ ನಿಮ್ಮಲ್ಲಿ ಹುಟ್ಟಿದ್ದರೆ ಅದು ನಮ್ಮ ತಪ್ಪು. ನಿನ್ನೆ ಆ ತಾಯಂದಿರ ನಡುವೆ ಕುಳಿತಾಗ ಕಂಡ ನಗು ನಮ್ಮ ಸಮಿತಿಯ ಸಭೆಗಳಲ್ಲಿ ಕಾಣದು. ಹೇಳಲು ಅಂಜುವಂತಹದ್ದು ಅವರಿಗೆ ಏನೂ ಉಳಿದಿಲ್ಲ. ಸೊಸೆಯಾಗಿದ್ದಾಗ ಮುಸುಕಿನಲ್ಲಿ ಮಾತು ನುಂಗಿದವರು ಈಗ ತಲಾಠಿಯ ಎದುರು, ಸದಸ್ಯನ ಎದುರು, ನಮ್ಮ ಎದುರು ನೆಟ್ಟಗೆ ಮಾತನಾಡುತ್ತಾರೆ. “ನೀ ಭಾಷಣಾ ಭಾಳ ಉದ್ದಾ ಮಾಡ್ತಿ” ಎಂದು ಒಬ್ಬಾಕೆ ನಿನ್ನೆಯೇ ಎಚ್ಚರಿಸಿದ್ದಾಳೆ. ಕೇಳಿಸಿಕೊಂಡಿದ್ದೇವೆ, ತಾಯಿ.

ಮಲಪ್ರಭೆಯ ನೀರಿನ ಕರದ ವಿರುದ್ಧ ೧೯೮೦ರಲ್ಲಿ ನರಗುಂದ-ನವಲಗುಂದದ ರೈತರು ಎದ್ದರು. ಜುಲೈ ೨೧ರಂದು ಗೋಲಿಬಾರು ನಡೆಯಿತು. ಆಗ ಇಪ್ಪತ್ತರ ಹುಡುಗರಾಗಿದ್ದವರು ಇಂದು ಅರವತ್ತೈದರ ಆಚೀಚೆ. ಅವರಲ್ಲಿ ಕೆಲವರ ಮನೆಯ ಕಟ್ಟೆಯ ಮೇಲೆ ಕುಳಿತು ಕೇಳಿದ್ದರಲ್ಲಿ ನಾವು ಚಳವಳಿ ಕಟ್ಟುವುದನ್ನು ಎಷ್ಟು ಕಲಿತೆವೋ, ಪುಸ್ತಕದಿಂದ ಅಷ್ಟು ಕಲಿತಿಲ್ಲ. ಜಯಪ್ರಕಾಶರು ೧೯೭೪ರಲ್ಲಿ ಬಿಹಾರದ ವಿದ್ಯಾರ್ಥಿಗಳ ಮುಂದಾಳಾದಾಗ ಎಪ್ಪತ್ತು ದಾಟಿತ್ತು. ನಮ್ಮ ದೊರೆಸ್ವಾಮಿಯವರು ತೊಂಬತ್ತು ದಾಟಿದ ಮೇಲೆಯೂ ಭೂಮಿಯಿಲ್ಲದ ಬಡವರ ಧರಣಿಗಳಲ್ಲಿ ಕುಳಿತರು. ೨೦೨೧ರಲ್ಲಿ ೧೦೩ನೆಯ ವಯಸ್ಸಿನಲ್ಲಿ ತೀರಿಕೊಂಡರು. ಬಿಳಿಗೂದಲಿದ್ದವರೆಲ್ಲ ಇಂತಹವರೆಂದು ನಾವು ಹೇಳುವುದಿಲ್ಲ. ಕುರ್ಚಿ ಬಿಡದೆ, ಕಿರಿಯರಿಗೆ ದಾರಿ ಕೊಡದೆ ಪಕ್ಷಗಳನ್ನೇ ಮುದಿಯಾಗಿಸಿದ ಹಿರಿಯರೂ ಇದ್ದಾರೆ. ನಮ್ಮ ಪಕ್ಷ ಅದಕ್ಕೆ ಹೊರತೆಂದು ಎದೆ ತಟ್ಟಿ ಹೇಳಲಾರೆವು. ಇದನ್ನು ನಮ್ಮ ಸಂಪಾದಕರು ಅಚ್ಚು ಮಾಡುತ್ತಾರೋ ನೋಡೋಣ.

ನಮ್ಮ ಮಟ್ಟಿಗೆ ಒಂದು ಲಾಭವಾಗಿದೆ. ಮೊದಲು ಸಭೆಯಲ್ಲಿ ಎದುರಿನವನ ಮಾತು ಮುಗಿಯುವ ಮುನ್ನವೇ ಉತ್ತರ ಸಿದ್ಧವಿರುತ್ತಿತ್ತು. ಈಗ ಕೊನೆಯವರೆಗೆ ಕೇಳುತ್ತೇವೆ. ಬುದ್ಧಿ ಬಂದಿತೋ ದಮ್ಮು ಕಡಿಮೆಯಾಯಿತೋ ತಿಳಿಯದು, ಕೆಲಸಕ್ಕಂತೂ ಒಳ್ಳೆಯದೇ ಆಗಿದೆ. ಇಪ್ಪತ್ತೈದರಲ್ಲಿದ್ದಿದ್ದರೆ ನಿನ್ನೆ ಆ ತಾಯಿ ಸೆರಗು ಸರಿಸುವವರೆಗೆ ನಾವು ಕಾಯುತ್ತಿದ್ದೆವೋ ಇಲ್ಲವೋ; ವೇತನದ ನಿಯಮ ಹೇಳಿ ಮುಂದಿನ ಹೆಸರು ಕರೆದುಬಿಡುತ್ತಿದ್ದೆವು.

ಊರಿಗೆ ತಿರುಗಿ ಹೋದ ಮೇಲೆ ಆ ಕ್ಷೌರಿಕನಿಗೆ ಬಣ್ಣ ಬೇಡವೆಂದೇ ಹೇಳುತ್ತೇವೆ. ಇರಲಿ, ಅದು ನಮ್ಮ ಸ್ವಂತದ ಮಾತಾಯಿತು.

ಈಗ ಕೆಲಸದ ಮಾತು. ಊಟವಾದ ಮೇಲೆ ನಾವು ಮತ್ತು ಇಬ್ಬರು ಸಂಗಾತಿಗಳು ಗುಡಿಯ ಕಟ್ಟೆಯ ಮೇಲೆ ಸಂಜೆಯವರೆಗೆ ಕುಳಿತಿರುತ್ತೇವೆ. ಅರವತ್ತು ದಾಟಿದವರು ಬನ್ನಿರಿ. ದಾಟಿದೆ ಎನ್ನಿಸಿ ಕಾಗದದಲ್ಲಿ ಮಾತ್ರ ದಾಟದವರೂ ಬನ್ನಿರಿ. ಮನೆಯಲ್ಲಿದ್ದ ಪಡಿತರ ಚೀಟಿ, ಮತದಾರರ ಚೀಟಿ, ಹಿರಿಯ ಮಗನ ಶಾಲೆಯ ದಾಖಲೆ ಏನಿದ್ದರೂ ತನ್ನಿರಿ. ಮಗನ ವಯಸ್ಸು ೪೮ ಎಂದು ಶಾಲೆಯವರೇ ಬರೆದಿದ್ದರೆ ತಾಯಿಗೆ ೫೭ ಎಂಬುದು ಹೇಗೆಂದು ನಾವು ಕೇಳಬಹುದು. ಬೆರಳು ಹತ್ತದೆ ಪಡಿತರ ತಪ್ಪಿದವರ ಹೆಸರನ್ನು ಬೇರೆ ಹಾಳೆಯಲ್ಲಿ ಬರೆಯುತ್ತೇವೆ. ತಪ್ಪಿದ ತಿಂಗಳನ್ನು ನೆನಪಿಟ್ಟು ಹೇಳಿರಿ. ನಡೆಯಲಾರದವರಿದ್ದರೆ ಅವರ ಓಣಿಯ ಹುಡುಗರು ಈಗಲೇ ಎದ್ದು ಹೆಸರು ಕೊಡಲಿ, ನಾವೇ ಮನೆಗೆ ಬರುತ್ತೇವೆ. ಸೋಮವಾರ ಈ ಎರಡೂ ಪಟ್ಟಿಗಳನ್ನು ತೆಗೆದುಕೊಂಡು ಸವದತ್ತಿಗೆ ಹೋಗುವುದು. ಜೊತೆಗೆ ಬರುವವರು ಎಷ್ಟು ಜನ, ಕೈ ಎತ್ತಿರಿ.